ಕೋದಂಡರಾಮಯ್ಯನವರ ಮೂವತ್ತು ರಾತಲು

ಕೋದಂಡರಾಮಯ್ಯನವರು ಮೂರು ಕಂತಿನಲ್ಲಿ ಕೂರುತ್ತಿದ್ದರು. ಮೊದಲು ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಕೂರಬೇಕಾದ ಜಾಗವನ್ನು ಹೊಸ ಊರಿಗೆ ಬಂದಿಳಿದವರಂತೆ ಒಮ್ಮೆ ನಿರುಕಿಸುವರು. ಆಮೇಲೆ ಬಲಗೈಯನ್ನು ಗೋಡೆಗೋ ಕಂಬಕ್ಕೋ, ಎರಡೂ ಇಲ್ಲದಿದ್ದರೆ ಪಕ್ಕದವರ ಹೆಗಲಿಗೋ ಕೊಟ್ಟು ಅರ್ಧಕ್ಕೆ ಬಾಗಿ, ಅಲ್ಲಿಯೇ ತುಸು ಹೊತ್ತು ತಂಗಿ, ನಡೆಯುತ್ತಿದ್ದ ಮಾತನ್ನು ನಿರಾತಂಕವಾಗಿ ಮುಂದುವರಿಸುವರು. ಕಡೆಗೆ, ಇನ್ನು ಇವರು ಹೀಗೆಯೇ ಇರುತ್ತಾರೆಂದು ಎದುರಿನವರು ನಂಬತೊಡಗಿದಾಗ, ಒಂದು ದೀರ್ಘ ನಿಟ್ಟುಸಿರಿನೊಡನೆ ಉಳಿದ ದೂರವನ್ನು ಒಂದೇ ಸಲಕ್ಕೆ ಕ್ರಮಿಸಿ ನೆಲ ಸೇರುವರು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿದ್ದ ಅವರ ಮನೆಯ ಜಗಲಿಯ ಚಪ್ಪಡಿ ಒಂದು ಮಗ್ಗುಲಿಗೆ ಇಳಿದಿತ್ತು. ಅದು ಚಪ್ಪಡಿ ಕೂರಿಸಿದ ಕಲ್ಲುಕುಟಿಗನ ತಪ್ಪೆಂದು ನಾನೊಮ್ಮೆ ಹೇಳಿದ್ದಕ್ಕೆ ಅವರು, "ಅದೂ ಸರೀನೇ ಅನ್ನಿ ಮೇಷ್ಟ್ರೇ, ಆದ್ರೆ ಭಾರ ನಂದೇ ಅಲ್ವೆ?" ಎಂದರು.

ಎರಡನೆಯ ಮಹಾಯುದ್ಧದ ನಡುವಿನ ವರ್ಷಗಳಲ್ಲಿ ಆ ಊರಿನ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ನನಗೆ ಅವರ ಮನೆಯ ಮುಂಗೋಣೆ ಬಾಡಿಗೆಗೆ ಸಿಕ್ಕಿತ್ತು. ಒಳಗೆ ಉದ್ದನೆಯ ಪಡಸಾಲೆಯಲ್ಲಿ ಆರು ಮಗ್ಗಗಳಿದ್ದವು. ಆಳುಗಳು ನೇಯುತ್ತಿದ್ದರು, ಇವರು ಯಜಮಾನಿಕೆ ಮಾಡುತ್ತಿದ್ದರು. ಮಾತಿಗೆ ಮೊದಲು "ಅದೂ ಸರೀನೇ ಅನ್ನಿ" ಎಂದು ಒಪ್ಪಿಕೊಳ್ಳುವುದು, ಒಪ್ಪಿಕೊಂಡ ಮೇಲೆ ತಮಗೆ ತೋಚಿದ್ದನ್ನೇ ಮಾಡುವುದು ಅವರ ಪದ್ಧತಿ. ಅವರೊಡನೆ ಜಗಳವಾಡಿ ಗೆದ್ದವರಿಲ್ಲ, ಏಕೆಂದರೆ ಜಗಳಕ್ಕೆ ಅವರು ಜಾಗವನ್ನೇ ಕೊಡುತ್ತಿರಲಿಲ್ಲ.

ಹೊರಗೆ ಹೊರಟರೆ ಮೈಮೇಲೆ ಒಂದು ಕಪ್ಪು ಅಲ್ಪಾಕಾ ಕೋಟು. ಮದುವೆಯ ಕಾಲದಲ್ಲಿ ಹೊಲಿಸಿದ್ದು. ಆಗ ಐದೂ ಗುಂಡಿಗಳು ಕಾಜಗಳನ್ನು ಸೇರುತ್ತಿದ್ದವಂತೆ. ನಾನು ಕಂಡ ಕಾಲಕ್ಕೆ ಕೆಳಗಿನ ಮೂರು ಗುಂಡಿಗಳಿಗೂ ಕಾಜಗಳಿಗೂ ನಡುವೆ ಗೇಣುದ್ದದ ವಿರಹವಿತ್ತು. ಬೇರೆಯವರಾಗಿದ್ದರೆ ಹೊಸ ಕೋಟು ಹೊಲಿಸುತ್ತಿದ್ದರು. ಇವರು ರೇಷ್ಮೆ ಎಳೆಗಳನ್ನು ಹುರಿಗೊಳಿಸಿ, ಕಾಜದಿಂದ ಗುಂಡಿಯವರೆಗೆ ಮೂರು ಕುಣಿಕೆಗಳನ್ನು ಕಟ್ಟಿಕೊಂಡಿದ್ದರು. ವರುಷಕ್ಕೊಮ್ಮೆ, ದೀಪಾವಳಿಯ ಹಿಂದುಮುಂದು, ಹಳೆಯ ಕುಣಿಕೆಗಳನ್ನು ಬಿಚ್ಚಿ ಅರ್ಧ ಅಂಗುಲ ಉದ್ದನೆಯವನ್ನು ಕಟ್ಟುವರು. ಕುಣಿಕೆಗಳು ಎಷ್ಟು ಅಂದವಾಗಿದ್ದವೆಂದರೆ ಅದೊಂದು ಹೊಸ ಫ್ಯಾಷನ್ನೆಂದು ತಿಳಿದು ಅವರ ಷಡ್ಡಕರೊಬ್ಬರು ತಾವೂ ಹಾಗೆಯೇ ಕಟ್ಟಿಸಿಕೊಂಡರು.

ಕೋಟಿನ ಎಡಜೇಬಿನಲ್ಲಿ ಹುರಿದ ಕಡಲೆಕಾಯಿ, ಬಲಜೇಬಿನಲ್ಲಿ ಬೆಲ್ಲದ ಅಚ್ಚು. ಇವೆರಡನ್ನೂ ಪೂರೈಸುತ್ತಿದ್ದವರು ಅವರ ಬಾಲ್ಯಮಿತ್ರ, ಕಡಲೆಕಾಯಿ ಮಂಡಿಯ ನಜೀಬುಲ್ಲಾ ಸಾಹೇಬರು. ಮನೆಯ ಊಟದ ವಿಷಯವನ್ನು ನಾನು ವಿಸ್ತರಿಸುವುದಿಲ್ಲ. ಕೋದಂಡರಾಮಯ್ಯನವರ ಎಲೆಯಲ್ಲಿ ಅನ್ನದ ನಡುವೆ ತೋಡಿದ ಸಾರಿನ ಬಾವಿಯನ್ನು ನೋಡಿದವರಾರೂ ಅದನ್ನು ಮರೆಯರು ಎಂದಷ್ಟೇ ಹೇಳಿದರೆ ಸಾಕು.

ಇಂಥ ಮನುಷ್ಯ ಊಟ ಬಿಟ್ಟದ್ದು ಮಗಳ ಸೀರೆಗಾಗಿ.

ಆ ಮನೆತನದಲ್ಲಿ ಒಂದು ನೇಮವಿತ್ತು. ಹೆಣ್ಣುಮಕ್ಕಳ ಧಾರೆಯ ಸೀರೆಯನ್ನು ತಂದೆಯೇ ಕೂತು ನೇಯಬೇಕು; ಅದೂ ಹಿರಿಯರ ಮಗ್ಗದಲ್ಲಿ. ಹಿರಿಯರ ಮಗ್ಗವೆಂದರೆ ಆರು ಮಗ್ಗಗಳಿಂದ ಬೇರೆಯಾಗಿ ದೇವರ ಕೋಣೆಯ ಪಕ್ಕದಲ್ಲಿದ್ದ ಏಳನೆಯ ಗುಂಡಿಮಗ್ಗ. ನೆಲದಲ್ಲಿ ಗುಂಡಿ, ಗುಂಡಿಯ ಅಂಚಿನಲ್ಲಿ ಕೂತು ಕಾಲನ್ನು ಒಳಗಿಳಿಸಿ ಮಗ್ಗವನ್ನು ತುಳಿಯಬೇಕು, ತೊಡೆಯ ಮೇಲ್ಗಡೆ, ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ಅಡ್ಡಮರವೊಂದು ಎರಡು ಕಂಬಗಳ ನಡುವೆ ಕೂತಿರುತ್ತದೆ. ಆ ಕಂಬಗಳನ್ನು ನೆಟ್ಟವರು ಕೋದಂಡರಾಮಯ್ಯನವರ ತಂದೆ. ಇವರು ನೇಯ್ಗೆ ಕಲಿತದ್ದು ಅದರಲ್ಲಿಯೇ. ತಂದೆ ತೀರಿಕೊಂಡ ಮೇಲೆ ಇಪ್ಪತ್ತನಾಲ್ಕು ವರ್ಷ ಅದರಲ್ಲಿ ಯಾರೂ ಕೂತಿರಲಿಲ್ಲ. ಆದರೂ ಶುಕ್ರವಾರ ಬಂತೆಂದರೆ ಹೆಂಡತಿ ವರಲಕ್ಷ್ಮಮ್ಮ ತಾವೇ ಅದರ ಸುತ್ತಲಿನ ನೆಲವನ್ನು ಸಗಣಿಯಿಂದ ಸಾರಿಸಿ, ಹಬ್ಬದ ಮುಂಚೆ ಕೆಮ್ಮಣ್ಣು ಮೆತ್ತಿ, ಕಂಬದ ಬುಡಕ್ಕೆ ಕುಂಕುಮವಿಡುತ್ತಿದ್ದರು. ಆ ಕೆಲಸವನ್ನು ಅವರು ಮನೆಗೆಲಸದವಳಿಗೆ ಬಿಟ್ಟವರಲ್ಲ.

ಹಿರಿಯ ಮಗಳು ಗಂಗಲಕ್ಷ್ಮಿಗೆ ಹತ್ತಿರದ ವಿಜಯಪುರದ ಸಂಬಂಧ ಗೊತ್ತಾಗಿ ವೈಶಾಖದಲ್ಲಿ ಮದುವೆಯೆಂದು ನಿಶ್ಚಯವಾಯಿತು. ಸಂಕ್ರಾಂತಿ ಕಳೆದ ಒಂದು ಗುರುವಾರ ಕೋದಂಡರಾಮಯ್ಯನವರು ಸ್ನಾನ ಮಾಡಿ, ಮಡಿಯುಟ್ಟು, ಹಿರಿಯರ ಮಗ್ಗಕ್ಕೆ ಕೈಮುಗಿದು, ಮೂರು ಕಂತಿನಲ್ಲಿ ಗುಂಡಿಯ ಅಂಚಿಗೆ ಕೂತರು. ಕಾಲು ಇಳಿಯಿತು. ತೊಡೆ ಅಡ್ಡಮರದ ಕೆಳಗೆ ಸಾಗಲಿಲ್ಲ. ಇನ್ನೊಂದಿಷ್ಟು ತಳ್ಳಿಕೊಂಡರು, ಆಗ ಹಿಂದಕ್ಕೂ ಬರಲಿಲ್ಲ. ಇಬ್ಬರು ಆಳುಗಳು ಕಂಕುಳಿಗೆ ಕೈಕೊಟ್ಟು ಎಳೆಯಬೇಕಾಯಿತು. ಬಾಗಿಲಲ್ಲಿ ನಿಂತಿದ್ದ ಗಂಗಲಕ್ಷ್ಮಿ ನಕ್ಕಳು. ತಂದೆಯ ಮುಖ ನೋಡಿ ನಗುವನ್ನು ನಿಲ್ಲಿಸಿ ಒಳಗೆ ಹೋದಳು. ಅವರು ನನ್ನನ್ನು ಕರೆಸಿ ಅಳೆಯಲು ಹೇಳಿದರು. ಅಳೆದೆ. ತೊಡೆ ಸಲೀಸಾಗಿ ಸಾಗಬೇಕಾದರೆ ಮೂರು ಬೆರಳಿನ ಜಾಗ ಸಾಲದಾಗಿತ್ತು.

ಸಂಜೆ ಮಂಡಿಯಲ್ಲಿ ಈ ಸಮಾಚಾರದ ವಿಚಾರಣೆ ನಡೆಯಿತು. ನಜೀಬುಲ್ಲಾ ಸಾಹೇಬರು ಕಾರ್ಯವಾದಿಗಳು.

"ಅರೆ ರಾಮಯ್ಯನೋರೇ, ಇದಕ್ಯಾಕೆ ಇಷ್ಟು ಫಿಕರು? ಬಡಗೀನ ಕರೆಸಿ ಆ ಮರ ಮೂರು ಬೆರಳು ಎತ್ತಿಸ್ಬಿಡಿ. ಒಂದು ಗಂಟೆ ಕೆಲಸ."

"ಅದೂ ಸರೀನೇ ಅನ್ನಿ," ಎಂದರು ಕೋದಂಡರಾಮಯ್ಯನವರು. ಆಮೇಲೆ, "ಆದ್ರೆ ಸಾಬ್ರೇ, ಅದು ನಮ್ಮಪ್ಪ ನೆಟ್ಟಿದ್ದು. ಅಪ್ಪನ ಅಳತೆ. ಅದು ಸರಿಯಾಗೇ ಐತೆ. ಕೆಟ್ಟಿರೋನು ನಾನು" ಎಂದರು.

ಮಗ್ಗಕ್ಕೆ ಕೈ ಹಚ್ಚಲಾಗದು, ಬೇರೆಯವರು ನೇಯಲಾಗದು, ಮದುವೆ ಮುಂದೆ ಹೋಗಲಾಗದು. ಉಳಿದದ್ದು ಅವರ ಶರೀರ. ಸಾಸಲಿನ ನಾಟಿವೈದ್ಯ ದೊಡ್ಡಮುನಿಯಪ್ಪ ಬಂದು ನಾಡಿ ಹಿಡಿದು, ಅನ್ನ, ತುಪ್ಪ, ಬೆಲ್ಲ, ಕಡಲೆಕಾಯಿ ನಾಲ್ಕನ್ನೂ ಒಂದೇ ಉಸಿರಿಗೆ ಕಿತ್ತುಕೊಂಡ. ಬೆಳಿಗ್ಗೆ ಮೆಣಸು ಹಾಕಿದ ಹುರುಳಿಕಟ್ಟು, ನಡುಹಗಲಿಗೆ ನಿಂಬೆಗಾತ್ರದ ರಾಗಿಮುದ್ದೆಯೊಂದು ಬೂದುಗುಂಬಳದ ಹುಳಿಯೊಡನೆ, ರಾತ್ರಿ ನೀರುಮಜ್ಜಿಗೆ. ಎರಡು ಹೊತ್ತೂ ನಾಗರಕೆರೆಯ ಏರಿಯ ತುದಿಯವರೆಗೆ ನಡಿಗೆ. "ಯಾವ ಊರ ನಿಂಬೆ ಗಾತ್ರ?" ಎಂದು ಕೋದಂಡರಾಮಯ್ಯನವರು ಕೇಳಿದ್ದೊಂದೇ ಪ್ರಶ್ನೆ.

ತೂಕದ ಗುರಿಯನ್ನು ನಿಗದಿ ಮಾಡುವ ಹೊಣೆ ಲೆಕ್ಕದ ಮೇಷ್ಟ್ರಾದ ನನ್ನ ಮೇಲೆ ಬಿತ್ತು. ಕಡಲೆಕಾಯಿ ಮೂಟೆ ತೂಗುವ ಕಾಟಾದ ಮೇಲೆ ಅವರು ನಿಂತರು; ಇನ್ನೂರ ಇಪ್ಪತ್ತಾರು ರಾತಲು, ಎಂದರೆ ಅಷ್ಟೇ ಪೌಂಡು. ಹನ್ನೆರಡು ವಾರ ಕೈಯಲ್ಲಿದೆ, ವಾರಕ್ಕೆ ಎರಡೂವರೆಯಂತೆ ಮೂವತ್ತು ರಾತಲು ಇಳಿಸಬಹುದು ಎಂದೆ. ಮೂವತ್ತಕ್ಕೆ ಮೂರು ಬೆರಳು ಕರಗುವುದೇ ಎಂದು ಅವರು ಕೇಳಿದರು. ಕರಗುವುದೆಂದು ನಾನು ಅಧಿಕಾರವಾಣಿಯಿಂದ ಹೇಳಿದೆ. ಅದಕ್ಕೆ ಶಾಸ್ತ್ರಾಧಾರವೇನೂ ಇರಲಿಲ್ಲ. ಮಂಡಿಯ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಹನ್ನೆರಡು ಗೆರೆ ಎಳೆದೆವು. ಪ್ರತಿ ಭಾನುವಾರ ಬೆಳಿಗ್ಗೆ ಅವರು ಬಂದು ಕಾಟಾ ಏರುವುದು, ಸಾಹೇಬರು ಕಲ್ಲು ಇಡುವುದು, ಒಂದೊಂದೇ ಗೆರೆಯನ್ನು ಹೊಡೆದುಹಾಕುವುದು ಮೊದಲಾಯಿತು.

ಊರಿಗೆ ಊರೇ ಡಿಪೋ ಮುಂದೆ ಕಾರ್ಡು ಹಿಡಿದು ಅಕ್ಕಿಗಾಗಿ ನಿಂತಿದ್ದ ಕಾಲವದು. ಅಂಥ ಕಾಲದಲ್ಲಿ ಅನುಕೂಲಸ್ಥನೊಬ್ಬ ತಾನಾಗಿಯೇ ಅನ್ನ ಬಿಟ್ಟನೆಂದರೆ ಜನ ಅದನ್ನು ಸಾಮಾನ್ಯವೆಂದು ನಂಬುವುದಾದರೂ ಹೇಗೆ? ಸ್ವಾತಂತ್ರ್ಯ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಕೋದಂಡರಾಮಯ್ಯನವರು ಸರ್ಕಾರದ ವಿರುದ್ಧ ಉಪವಾಸ ಹೂಡಿದ್ದಾರೆಂದು ಸಂತೆಯಲ್ಲಿ ಸುದ್ದಿ ಹಬ್ಬಿ, ಒಂದು ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ಲೊಬ್ಬ ಜಗಲಿಗೆ ಬಂದು ನಿಂತ. ಇವರು ಅವನನ್ನು ಒಳಗೆ ಕರೆದು, ಹುರುಳಿಕಟ್ಟಿನ ಚೊಂಬನ್ನು ತೋರಿಸಿ, "ಇದನ್ನ ಕುಡೀತೀನಿ ಸ್ವಾಮಿ, ಉಪವಾಸ ಅಲ್ಲ. ಮಗಳ ಮದುವೆ. ಸರ್ಕಾರಕ್ಕೂ ನನ್ನ ತೊಡೆಗೂ ಏನೂ ಸಂಬಂಧ ಇಲ್ಲ" ಎಂದು ವಿನಯವಾಗಿ ಅರಿಕೆ ಮಾಡಿಕೊಂಡರು. ಅವನು ಚೊಂಬನ್ನು ಮೂಸಿ ನೋಡಿ, ಇದು ಉಪವಾಸಕ್ಕಿಂತ ಕಡೆಯೆಂದು ಮರುಗಿ ಹೋದ.

ಬಿಟ್ಟದ್ದನ್ನು ಬಾಯಿ ಮರೆಯಿತೋ ಏನೋ, ಕೈ ಮರೆಯಲಿಲ್ಲ. ಕೆರೆಯ ಏರಿಯ ಮೇಲೆ ಮಾತನಾಡುತ್ತ ನಡೆಯುವಾಗ ಅವರ ಎಡಗೈ ತಾನಾಗಿ ಜೇಬಿಗೆ ಇಳಿಯುವುದು. ಖಾಲಿ ಜೇಬಿನಲ್ಲಿ ಕೊಂಚ ತಡಕಾಡಿ ಹೊರಬರುವುದು. ಅವರು ಅಂಗೈಯನ್ನು ಬಿಡಿಸಿ ನೋಡಿಕೊಂಡು ಮತ್ತೆ ಮಡಚುವರು. ದಿನಕ್ಕೆ ಹತ್ತಾರು ಸಲ ಹೀಗಾಗುತ್ತಿತ್ತು. ಯುಗಾದಿಯ ದಿನ ಹೆಂಡತಿ ಬಲವಂತದಿಂದ ಎಲೆಯ ಮೇಲೊಂದು ಒಬ್ಬಟ್ಟು ಹಾಕಿದರು. ಕೋದಂಡರಾಮಯ್ಯನವರು ಅದನ್ನು ಎರಡು ಬೆರಳಿನಲ್ಲಿ ಎತ್ತಿ, ಸೀರೆಯ ಸೆರಗನ್ನು ನೋಡುವಂತೆ ಬೆಳಕಿಂಡಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ, "ಎಲ್ಲಾ ಕಡೆ ಒಂದೇ ಸಮ ಬಂದೈತೆ" ಎಂದು ಮೆಚ್ಚಿ, ಮಗಳ ಎಲೆಗೆ ದಾಟಿಸಿದರು. ವರಲಕ್ಷ್ಮಮ್ಮ ಅಂದು ತಾವೂ ಒಬ್ಬಟ್ಟು ಮುಟ್ಟಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು.

ಗೆರೆಗಳು ಒಂದೊಂದಾಗಿ ಅಳಿದವು. ಕೋಟಿನ ಕುಣಿಕೆಗಳು ಮೊದಲು ಗಿಡ್ಡವಾದವು, ಆಮೇಲೆ ಮೇಲಿನದೊಂದು ಬೇಡವೇ ಆಯಿತು. ಕುತ್ತಿಗೆಯ ಮಡಿಕೆಗಳು ಸಡಿಲಾಗಿ ಮುಖ ತುಸು ಬಾಡಿತು. ಕೂರುವುದರಲ್ಲಿ ನಡುವಿನ ಕಂತು ಬಿಟ್ಟುಹೋಯಿತು. ರಾಮನವಮಿ ಕಳೆದ ಭಾನುವಾರ ಕಾಟಾ ನೂರತೊಂಬತ್ತಾರಕ್ಕೆ ನಿಂತಾಗ ನಜೀಬುಲ್ಲಾ ಸಾಹೇಬರು ಕೊನೆಯ ಗೆರೆಯನ್ನು ತಮ್ಮ ಹೆಗಲಮೇಲಿನ ಟವಲಿನಿಂದಲೇ ಒರೆಸಿ, ತಮ್ಮ ಮನೆಯಲ್ಲಿಯೇ ಮದುವೆ ನಡೆಯುತ್ತಿರುವಂತೆ ಮಂಡಿಯವರಿಗೆಲ್ಲ ಚಹಾ ತರಿಸಿದರು. ಕೋದಂಡರಾಮಯ್ಯನವರ ಲೋಟದಲ್ಲಿ ಸಕ್ಕರೆ ಇರಲಿಲ್ಲ.

ಗುರುವಾರ ಮತ್ತೆ ಮಡಿಯುಟ್ಟು ಕೂತರು. ಹಾಸಿನ ರೇಷ್ಮೆ ಎಳೆಗಳನ್ನು ಮಗ್ಗದ ಉದ್ದಕ್ಕೂ ಹೂಡಿ ಸಿದ್ಧವಾಗಿಡಲಾಗಿತ್ತು. ತೊಡೆ ಸಾಗಿತು, ಸಾಗಿತು, ಅಡ್ಡಮರದ ಕೆಳಗೆ ಅರ್ಧ ಹೋಗಿ ನಿಂತುಬಿಟ್ಟಿತು. ಕಾಲು ತುಳಿಗೆಯನ್ನು ಮುಟ್ಟುತ್ತಿತ್ತು, ಒತ್ತಲು ಆಗುತ್ತಿರಲಿಲ್ಲ. ನಾನು ಅಳೆದೆ. ಎರಡು ಬೆರಳು ಕರಗಿತ್ತು. ಒಂದು ಬೆರಳು ಉಳಿದಿತ್ತು. ಮದುವೆಗೆ ಇಪ್ಪತ್ತಾರು ದಿನ, ಸೀರೆಗೆ ಕಡಿಮೆಯೆಂದರೂ ಹದಿಮೂರು. ಅವರು ಯಾರ ಕೈಯನ್ನೂ ಹಿಡಿಯದೆ ತಾವೇ ಹೊರಬಂದು ಪಂಚೆ ಸರಿಮಾಡಿಕೊಂಡು, ಆ ಮಧ್ಯಾಹ್ನದಿಂದ ಮುದ್ದೆಯನ್ನೂ ಬಿಟ್ಟರು. ಬರಿಯ ಹುರುಳಿಕಟ್ಟು, ಮಜ್ಜಿಗೆ. "ಇನ್ನೊಂದು ಹತ್ತು ರಾತಲು, ಮೇಷ್ಟ್ರೇ. ಗೆರೆ ಎಳೀರಿ" ಎಂದರು. ಆ ಮುಖವನ್ನು ನೋಡಿಕೊಂಡು ಗೆರೆ ಎಳೆಯಲು ನನಗೆ ಮನಸ್ಸಾಗಲಿಲ್ಲ.

ಮರುದಿನ ಶುಕ್ರವಾರ. ವರಲಕ್ಷ್ಮಮ್ಮ ಸಗಣಿ ಕಲಸಿಕೊಂಡು ಹಿರಿಯರ ಮಗ್ಗದ ನೆಲ ಸಾರಿಸಿದರು. ಕುಂಕುಮವಿಡಲು ಕಂಬದ ಬುಡಕ್ಕೆ ಬಗ್ಗಿದವರು ಬಗ್ಗಿದಂತೆಯೇ ಉಳಿದರು. ಆ ಕಂಬದ ಬುಡದಲ್ಲಿ ಮಾವನವರು ಮೇಲೊಂದು ಸೂರ್ಯ, ಕೆಳಗೊಂದು ಚಂದ್ರನನ್ನು ಉಳಿಯಿಂದ ಕೆತ್ತಿದ್ದರು. ಹೊಸ ಸೊಸೆಯಾಗಿ ಬಂದಾಗ, ಎರಡಕ್ಕೂ ಕುಂಕುಮವಿಡಬೇಕೆಂದು ಅತ್ತೆ ತೋರಿಸಿಕೊಟ್ಟಿದ್ದರು. ಈಗ ಕಣ್ಣೆದುರಿಗೆ ಇದ್ದದ್ದು ಸೂರ್ಯ ಮಾತ್ರ, ಅದೂ ನೆಲಕ್ಕೆ ತಾಗಿಕೊಂಡು. ಎಷ್ಟು ವರ್ಷಗಳಿಂದ ತಾವು ಒಂದೇ ಕುಂಕುಮ ಇಡುತ್ತ ಬಂದಿದ್ದೇವೆಂಬುದು ಅವರಿಗೆ ನೆನಪಾಗಲಿಲ್ಲ.

ಸಗಣಿಯ ಕೈಯಲ್ಲಿಯೇ ಜಗಲಿಗೆ ಬಂದು, "ಏನೂಂದ್ರೆ, ಸ್ವಲ್ಪ ಒಳಗೆ ಬನ್ನಿ. ಚಂದ್ರ ಇಲ್ಲ" ಎಂದರು.

ಇಪ್ಪತ್ತನಾಲ್ಕು ವರ್ಷದ ಶುಕ್ರವಾರಗಳೆಂದರೆ ಸಾವಿರದ ಇನ್ನೂರಕ್ಕೆ ಮೇಲಾಯಿತು. ಆರು ಮಗ್ಗಗಳ ನೆಲವನ್ನೂ ಸಾರಿಸುತ್ತಿದ್ದರು, ಆದರೆ ಅಲ್ಲಿ ಆಳುಗಳು ದಿನವೂ ಕೂತೆದ್ದು ಹಾಕಿದ್ದನ್ನೆಲ್ಲ ಸವೆಸುತ್ತಿದ್ದರು. ಯಾರೂ ಕೂರದ ಮಗ್ಗದ ಮುಂದೆ ಮಾತ್ರ ಸಗಣಿಯ ಮೇಲೆ ಕೆಮ್ಮಣ್ಣು, ಕೆಮ್ಮಣ್ಣಿನ ಮೇಲೆ ಸಗಣಿ ಕೂತು ಕೂತು, ಭಕ್ತಿಯೇ ಗಟ್ಟಿಯಾಗಿ ನೆಲ ಮೇಲೇರಿತ್ತು. ಕಂಬ ಇದ್ದಲ್ಲೇ ಇತ್ತು, ಅಡ್ಡಮರ ಇದ್ದಲ್ಲೇ ಇತ್ತು. ಕೋದಂಡರಾಮಯ್ಯನವರು ಕಂಬದ ಪಕ್ಕದಲ್ಲಿ ಒಂದು ದಬ್ಬಣ ಇಳಿಸಿ ನೋಡಿದರು. ಅಡಿಯ ಹಳೆಯ ಕಲ್ಲುನೆಲ ತಾಗುವ ಮೊದಲು ನಾಲ್ಕು ಬೆರಳು ಇಳಿಯಿತು. ದಬ್ಬಣವನ್ನು ಹಿಡಿದುಕೊಂಡು ಅವರು ಅಲ್ಲಿಯೇ ಕುಕ್ಕರಿಸಿದರು. ಒಂದೇ ಕಂತಿನಲ್ಲಿ ಕೂತರೆಂಬುದನ್ನು ಅವರೂ ಗಮನಿಸಲಿಲ್ಲ.

ವರಲಕ್ಷ್ಮಮ್ಮ ತಮ್ಮ ಸಗಣಿಯ ಕೈಯನ್ನು ನೋಡಿಕೊಂಡರು. ಮೂರು ತಿಂಗಳು ಗಂಡನ ಎಲೆಗೆ ನಿಂಬೆಗಾತ್ರದ ಮುದ್ದೆ ಹಾಕಿದ ಕೈಯೇ ಈ ನೆಲವನ್ನೂ ಹಾಕಿತ್ತು.

ಕೋದಂಡರಾಮಯ್ಯನವರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. ನೋಡಿ, "ನೋಡಿದ್ಯೇನೇ, ನಾನೊಬ್ನೇ ದಪ್ಪ ಆಗಿರ್ಲಿಲ್ಲ. ಅರ್ಧ ನಾನು, ಅರ್ಧ ನೆಲ" ಎಂದರು. ಆಮೇಲೆ ಕೆರೆಯುವ ಮಾತು ಬಂದಾಗ ತಾವು ಮಾತ್ರ ಗುದ್ದಲಿ ಮುಟ್ಟುವುದಿಲ್ಲವೆಂದರು. "ನೀನು ಹಾಕಿದ್ ನೆಲ ಇದು. ನಾನು ಕೆರೆಯಲ್ಲ."

ವರಲಕ್ಷ್ಮಮ್ಮನೇ ಕೆರೆದರು. ಸಣ್ಣ ಗುದ್ದಲಿಯಿಂದ ಮೆಲ್ಲಗೆ ಎಬ್ಬಿಸುತ್ತ ಹೋದಂತೆ ಪದರಗಳು ಒಂದರ ಕೆಳಗೊಂದು ಹಪ್ಪಳದಂತೆ ಎದ್ದುಬಂದವು. ನಡುವೆಲ್ಲೋ ಒಂದು ಪುಟ್ಟ ಗಾಜಿನ ಬಳೆಯ ಚೂರು ಸಿಕ್ಕಿತು, ಗಂಗಲಕ್ಷ್ಮಿ ನಡಿಗೆ ಕಲಿತ ಕಾಲದ್ದು. ಅದನ್ನು ಅವರು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗುಂಡಿಯ ಅಂಚಿನಲ್ಲಿ ಕಾಲಿಳಿಬಿಟ್ಟು ನೋಡುತ್ತಿದ್ದ ಗಂಡ, "ಬೇಜಾರಾಗಲ್ವಾ ನಿಂಗೆ?" ಎಂದು ಕೇಳಿದರು.

"ಶುಕ್ರವಾರ ಇನ್ನೂ ಬರ್ತಾವೆ ಬಿಡಿ" ಎಂದರು ವರಲಕ್ಷ್ಮಮ್ಮ.

ಚಂದ್ರ ಹೊರಬಂದ ಮೇಲೆ ಕೋದಂಡರಾಮಯ್ಯನವರು ಕೂತರು. ತೊಡೆ ಅಡ್ಡಮರದ ಕೆಳಗೆ ಸಲೀಸಾಗಿ ಸಾಗಿತು; ಮೇಲೆ ಕೈ ಆಡಿಸುವಷ್ಟು ಜಾಗ ಮಿಕ್ಕಿತು. ಹದಿನಾಲ್ಕು ದಿನ ಅವರು ಲಾಳಿ ಹಾಯಿಸಿದರು, ಮಗಳು ಪಕ್ಕದಲ್ಲಿ ಕೂತು ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತಿಕೊಟ್ಟಳು. ಹೆಂಡತಿ ಬಡಿಸಿದ ಮುದ್ದೆ ಆಗಲೂ ನಿಂಬೆಗಿಂತ ದೊಡ್ಡದಾಗಲು ಅವರು ಬಿಡಲಿಲ್ಲ. ಸೀರೆ ಮುಗಿಯುವವರೆಗೆ ನೇಮ ನೇಮವೇ ಎಂದರು. ಅರಿಸಿನ ಬಣ್ಣದ ಒಡಲು, ಕೆಂಪು ಅಂಚು. ಧಾರೆಯ ಹೊತ್ತಿಗೆ ಅದನ್ನುಟ್ಟು ಬಂದ ಮಗಳ ಎದುರಿಗೆ ಕೋದಂಡರಾಮಯ್ಯನವರು ಐದೂ ಗುಂಡಿ ಹಾಕಿದ ಕೋಟಿನಲ್ಲಿ ನಿಂತಿದ್ದರು. ಕೋಟು ಹೊಲಿಸಿದ ದಿನದಂತೆ ಕೂತಿತ್ತು. ಅವರಿಗೆ ಅಂದು ಆದ ಸಂತೋಷವನ್ನು ನಾನು ಬೇರೆ ಯಾರ ಮುಖದಲ್ಲಿಯೂ ಕಂಡಿಲ್ಲ.

ಮದುವೆಯಾದ ಮೇಲೆ ಕಡಲೆಕಾಯಿ ಜೇಬಿಗೆ ಮರಳಿತು, ಬೆಲ್ಲ ತುಸು ತಡವಾಗಿ. ತೂಕ ಅರ್ಧದಷ್ಟು ಹಿಂದಿರುಗಿ ಅಲ್ಲಿಗೆ ನಿಂತಿತು. ನಿಲ್ಲಲು ಕಾರಣವಿತ್ತು: ಎರಡನೆಯ ಮಗಳಿಗೆ ಆಗ ಒಂಬತ್ತು ವರ್ಷ. ಪ್ರತಿದಿನ ಬೆಳಿಗ್ಗೆ ಅವರು ಹಿರಿಯರ ಮಗ್ಗದಲ್ಲಿ ಒಂದು ಗಳಿಗೆ ಕೂತು, ಏನನ್ನೂ ನೇಯದೆ ಏಳುವ ಅಭ್ಯಾಸ ಮಾಡಿಕೊಂಡರು. ಶುಕ್ರವಾರ ವರಲಕ್ಷ್ಮಮ್ಮ ಏರಿಸಿದ್ದನ್ನು ಉಳಿದ ದಿನಗಳಲ್ಲಿ ಇವರು ಸವೆಸಿ ಇಳಿಸುತ್ತಿದ್ದರು.

ನನಗೆ ವರ್ಗವಾಗಿ ಊರು ಬಿಡುವ ಹಿಂದಿನ ಸಂಜೆ ನಾವಿಬ್ಬರೂ ಜಗಲಿಯ ಮೇಲೆ ಕೂತಿದ್ದೆವು. ಲೆಕ್ಕದ ಮೇಷ್ಟ್ರ ಚಟ, ನನ್ನ ತಲೆಯಲ್ಲಿ ಒಂದು ಕಳೆಯುವ ಲೆಕ್ಕ ಬಹಳ ದಿನಗಳಿಂದ ಕೂತಿತ್ತು. ಮೊದಲ ದಿನ ಸಾಲದೆ ಹೋದದ್ದು ಮೂರು ಬೆರಳು. ಏರಿದ್ದ ನೆಲ ನಾಲ್ಕು ಬೆರಳು. ಅಂದೇ ಕೆರೆದಿದ್ದರೆ, ಇನ್ನೂರ ಇಪ್ಪತ್ತಾರು ರಾತಲಿನ ಮನುಷ್ಯ ಒಂದು ಬೆರಳು ಮಿಗಿಸಿಕೊಂಡು ಕೂರುತ್ತಿದ್ದರು. ಆ ಮೂವತ್ತು ರಾತಲಿಗೂ ಸೀರೆಗೂ ಏನೇನೂ ಸಂಬಂಧವಿರಲಿಲ್ಲ. "ಆ ನಾಲ್ಕು ಬೆರಳಿನ ವಿಷಯ..." ಎಂದು ನಾನು ಬಾಯಿ ತೆರೆದೆ.

ಅವರು ನನ್ನ ಮೊಣಕೈಯನ್ನು ಹಿಡಿದರು. ಒಳಗೆ ಹೆಂಡತಿ ದೀಪ ಹಚ್ಚುತ್ತಿದ್ದ ಸದ್ದಿಗೆ ಒಮ್ಮೆ ಕಿವಿಗೊಟ್ಟು, "ಗೊತ್ತು ಮೇಷ್ಟ್ರೇ," ಎಂದರು ತಗ್ಗಿದ ದನಿಯಲ್ಲಿ, "ದಬ್ಬಣ ಇಳಿಸಿದಾಗ್ಲೇ ಗೊತ್ತಾಯ್ತು. ನೇಯೋನಿಗೆ ಅಳತೆ ಬರಲ್ವೆ? ಮೆಲ್ಲಗೆ ಮಾತಾಡಿ. ಒಳಗೆ ಅವಳಿದಾಳೆ."

ಇಂಥವರು ಪ್ರತಿ ಬೀದಿಯಲ್ಲಿಯೂ ಒಬ್ಬರಿಬ್ಬರು ಇರುತ್ತಾರೆ. ಬಾಗಿಲು ತಲೆಗೆ ತಾಗಿದರೆ ಬಾಗಿಲನ್ನು ಅಳೆಯದೆ ತಲೆ ತಗ್ಗಿಸುವವರು. ಕಾಲಡಿಯ ನೆಲ ಏರುತ್ತಿದ್ದರೂ ತಮ್ಮ ತೂಕವನ್ನೇ ಶಂಕಿಸುವವರು. ಇವರನ್ನು ಪೆದ್ದರೆಂದು ತಿಳಿದುಕೊಂಡೇ ನಾನು ಆ ಮನೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದೆ. ತಪ್ಪಿನ ಭಾರವನ್ನು ಎತ್ತಿ ಎತ್ತಿ ಅಭ್ಯಾಸವಾದವರಿಗೆ ಅದು ಯಾರದೆಂದು ಚೆನ್ನಾಗಿಯೇ ತಿಳಿದಿರುತ್ತದೆ. ಬೇರೆಯವರ ಹೆಗಲಿಗೆ ಅದು ತಡೆಯದೆಂದು ಕಂಡರೆ, ತಮ್ಮದೇ ಎಂದು ಹೇಳಿ ಹೊತ್ತುಕೊಂಡು, ಕಡಲೆಕಾಯಿ ತಿನ್ನುತ್ತ ಕೂರುತ್ತಾರೆ.